ಮುಖವೊಂದನ್ನೇ ಮುಚ್ಚಿದವನು

ಕಟ್ಟಾಯ ಹೋಬಳಿಯಲ್ಲಿ ಯಾವುದೇ ಶುಭಕಾರ್ಯ ಗೊತ್ತಾದರೂ ಪುರೋಹಿತರಿಗೂ ಮೊದಲು ಹೇಳಿ ಕಳಿಸುತ್ತಿದ್ದದ್ದು ವಿಡಿಯೋ ನಂಜುಂಡೇಶನಿಗೆ. ಪುರೋಹಿತರು ಒಬ್ಬರಿಲ್ಲದಿದ್ದರೆ ಇನ್ನೊಬ್ಬರು ಬರುತ್ತಾರೆ, ನಾನು ಸಿಗಲಿಲ್ಲವೆಂದು ಮದುವೆಯನ್ನೇ ಮುಂದಕ್ಕೆ ಹಾಕಿದವರಿದ್ದಾರೆ ಎಂದು ಅವನೇ ಹೇಳಿಕೊಂಡು ತಿರುಗುತ್ತಿದ್ದ. ಅದರಲ್ಲಿ ಅರ್ಧ ಬಡಾಯಿ, ಇನ್ನರ್ಧ ನಿಜ. ಹಾಸನದ ಸಂತೆಪೇಟೆಯಲ್ಲಿ ಅವನದೊಂದು ಸ್ಟುಡಿಯೋ ಇತ್ತು. ಮಗಳ ಹೆಸರನ್ನೇ ಅದಕ್ಕೂ ಇಟ್ಟಿದ್ದ, ಶಿವರಂಜನಿ ಡಿಜಿಟಲ್ಸ್. ಮನೆ ಕಟ್ಟಾಯದಲ್ಲಿ. ಮನೆಯಲ್ಲಿ ತಾಯಿ ಬೆಳ್ಳಮ್ಮ, ಹೆಂಡತಿ ಕೋಮಲಾ, ಏಳನೇ ಕ್ಲಾಸು ಓದುವ ಮಗಳು ಶಿವರಂಜನಿ. ಹಿರಿಯರ ಕಾಲದ ಜಮೀನೂ ಇತ್ತು; ಅದರಲ್ಲಿ ಯಾರೋ ಶುಂಠಿ ಹಾಕಿಕೊಳ್ಳುತ್ತಿದ್ದರು. ಇವನು ಗದ್ದೆಗೆ ಇಳಿದದ್ದು ಮದುಮಕ್ಕಳನ್ನು ಬದುವಿನ ಮೇಲೆ ಓಡಿಸಿ ವಿಡಿಯೋ ತೆಗೆಯುವುದಕ್ಕೆ ಮಾತ್ರ.

ಅವನಲ್ಲಿ ಮೆಚ್ಚಬೇಕಾದದ್ದೊಂದಿತ್ತು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಹೇಳಲು ಮನಸ್ಸು ಬರುವುದಿಲ್ಲ. ಅವನಿಗೆ ಹೆಂಗಸರ ನಡುವೆ ಓಡಾಡುವ ಮರ್ಯಾದೆ ಗೊತ್ತಿತ್ತು. ಊಟದ ಪಂಕ್ತಿಯಲ್ಲಿ ಬಾಯಿ ತೆರೆದವರನ್ನು ತೆಗೆಯುತ್ತಿರಲಿಲ್ಲ. ಯಾರದಾದರೂ ಸೆರಗು ಜಾರಿದರೆ ಕ್ಯಾಮೆರಾ ತಾನಾಗಿ ಸೂರಿನ ಕಡೆ ತಿರುಗುತ್ತಿತ್ತು. ತವರು ಬಿಟ್ಟು ಹೋಗುವ ಹುಡುಗಿ ಅಳುವಾಗ ನಾಲ್ಕು ಮಾರು ದೂರವೇ ನಿಲ್ಲುತ್ತಿದ್ದ. ಹಾಗಾಗಿ ಬೇರೆ ಗಂಡಸರು ಶಾಮಿಯಾನದ ಕೆಳಗೆ ಕುರ್ಚಿ ಹಾಕಿಕೊಂಡು ಇಸ್ಪೀಟಾಡುತ್ತಿದ್ದರೆ ಇವನು ಮಾತ್ರ ಒಳಮನೆಯವರೆಗೂ ಹೋಗಿಬರುತ್ತಿದ್ದ.

ಅದರಲ್ಲೂ ಒಸಗೆ. ಹೆಣ್ಣುಮಗು ದೊಡ್ಡವಳಾದಾಗ ಮಾಡುವ ಆರತಿಗೆ ನಮ್ಮ ಕಡೆ ಒಸಗೆ ಎನ್ನುತ್ತಾರೆ. ಸೋದರಮಾವ ಹಸಿ ತೆಂಗಿನ ಗರಿಯ ಗುಡ್ಲು ಕಟ್ಟಿಕೊಡಬೇಕು, ಹುಡುಗಿಯನ್ನು ಅದರ ಮುಂದೆ ಕೂರಿಸಿ ಹೆಂಗಸರು ಸೋಬಾನೆ ಹೇಳಿ ಆರತಿ ಎತ್ತಬೇಕು, ಮಡಿಲಿಗೆ ಎಳ್ಳುಬೆಲ್ಲದ ಚಿಗಳಿ, ತಂಬಿಟ್ಟು ತುಂಬಬೇಕು. ಅದು ಪೂರಾ ಹೆಂಗಸರ ರಾಜ್ಯ. ಅಲ್ಲಿಗೆ ನಂಜುಂಡೇಶ ಕಾಲಿಟ್ಟಾಗ ಹೊಸದಾಗಿ ಬಂದ ಸೊಸೆಯರು ಯಾರಾದರೂ ಮುದುರಿಕೊಂಡರೆ ಹಿರಿಯ ಹೆಂಗಸರು ನಗುತ್ತಿದ್ದರು. "ಅವ್ನು ವಿಡಿಯೋದವ್ನು ಕಣ್ರವ್ವ, ಗಂಡ್ಸಲ್ಲ ಬುಡಿ!" ಎನ್ನುತ್ತಿದ್ದರು. ಅವನೂ ಹಲ್ಲು ಬಿಟ್ಟುಕೊಂಡು ನಗುತ್ತಿದ್ದ. ಆ ಮಾತನ್ನು ಅವನು ಪ್ರಶಸ್ತಿ ಎಂದೇ ತಿಳಿದಿದ್ದ. ತಪ್ಪೇನಿಲ್ಲ, ಅದು ಪ್ರಶಸ್ತಿಯೇ ಆಗಿತ್ತು.

ದೊಡ್ಡಗದ್ದವಳ್ಳಿಯ ಆಚೆಗಿನ ಒಂದು ಸಣ್ಣ ಊರಿನಲ್ಲಿ ಕಾಮಾಕ್ಷಮ್ಮನ ಮನೆ. ಬೆಳ್ಳಮ್ಮನಿಗೆ ದೂರದ ನೆಂಟಸ್ತಿಕೆ, ಹತ್ತಿರದ ಬಳಕೆ. ಕಾಮಾಕ್ಷಮ್ಮನಿಗೆ ಒಡಹುಟ್ಟಿದ ಗಂಡುಮಕ್ಕಳಿಲ್ಲ. ಮಗಳು ದೀಪಶ್ರೀ ದೊಡ್ಡವಳಾದಾಗ ಗುಡ್ಲು ಕಟ್ಟಲು ಸೋದರಮಾವ ಎಲ್ಲಿಂದ ಬರಬೇಕು? "ನೀನೇ ಬಾಪ್ಪ ನಂಜುಂಡ, ನನ್ಗೆ ತಮ್ಮ ನೀನೇಯ" ಎಂದು ಕರೆಸಿದಳು. ಅವತ್ತು ಅವನು ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಪಂಚೆ ಎತ್ತಿಕಟ್ಟಿ ತೆಂಗಿನ ಗರಿ ಹೊತ್ತು ತಂದ. ಗುಡ್ಲು ಕಟ್ಟಿದ್ದೂ ಅವನೇ, ಅದರ ಮುಂದಿನ ಆರತಿಯನ್ನು ವಿಡಿಯೋ ಮಾಡಿದ್ದೂ ಅವನೇ. ದೀಪಶ್ರೀ ಅಂದಿನಿಂದ ಅವನನ್ನು ಮಾವ ಎಂದೇ ಕರೆದಳು.

ಆ ಒಸಗೆಗೆ ಪಾಲಾಕ್ಷನೂ ಬಂದಿದ್ದ. ಪಾಲಾಕ್ಷ ಅರಕಲಗೂಡು ಕಡೆಯವನು. ಆಗಿನ್ನೂ ಆರ್ಕೆಸ್ಟ್ರಾದಲ್ಲಿ ಹಾಡುತ್ತಾ, ನಡುನಡುವೆ ಊರ ಯಜಮಾನರ ದನಿ ಅಣಕಿಸಿ ನಗಿಸುತ್ತಾ ಹೊಟ್ಟೆ ಹೊರೆಯುತ್ತಿದ್ದ. ದೀಪಶ್ರೀಯ ಅಪ್ಪ ಅಣ್ಣಯ್ಯ ಆಸೆಪಟ್ಟು ಕರೆಸಿದ್ದ. ಅಂಗಳದಲ್ಲಿ ಹಾಡಿದ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುವಂತೆ ಮಾಡಿದ, ಕೊನೆಗೆ ಗುಡ್ಲಿನ ಮುಂದೆ ಬಂದು ಹುಡುಗಿಯ ತಲೆಗೆ ಅಕ್ಷತೆ ಹಾಕಿ ಹರಸಿದ. "ಮನೆ ಮಗ ಇದ್ದಂಗವ್ನೆ" ಎಂದು ಹೆಂಗಸರು ಹೊಗಳಿದ್ದು ಕೂಡ ಆ ವಿಡಿಯೋದಲ್ಲಿ ಕೇಳಿಸುತ್ತದೆ.

ಅಲ್ಲಿಂದ ಪಾಲಾಕ್ಷ ಏರಿದ್ದೇ ಏರಿದ್ದು. ಟೀವಿಯಲ್ಲಿ ಅವನದೇ ಹಾಡು-ಹಾಸ್ಯದ ಕಾರ್ಯಕ್ರಮ ಬಂತು. ಹೊಳೆನರಸೀಪುರದ ಆಟೋಗಳ ಬೆನ್ನ ಮೇಲೆ, ಹಾಸನದ ಚಿನ್ನದಂಗಡಿಯ ಬೋರ್ಡಿನ ಮೇಲೆ, ಎಲ್ಲಿ ನೋಡಿದರೂ ಅವನ ನಗುಮುಖ. ದೀಪಶ್ರೀಗೆ ಒಳ್ಳೆಯ ಕಂಠವಿತ್ತು. ಕಾಲೇಜು ಮುಗಿಸಿ ಅವನ ಕಾರ್ಯಕ್ರಮಕ್ಕೆ ಆಯ್ಕೆಯಾದಾಗ ಇಡೀ ಹೋಬಳಿ ಹಿಗ್ಗಿತು. ಬೆಂಗಳೂರಿಗೆ ಒಬ್ಬಳನ್ನೇ ಹೇಗೆ ಕಳಿಸುವುದೆಂದು ಕಾಮಾಕ್ಷಮ್ಮ ಹಿಂದೆಮುಂದೆ ನೋಡಿದರೆ, "ನಮ್ಮೋನೇ ಅವ್ನಲ್ಲ ಅಲ್ಲಿ, ಎಂತದ್ದು ಬಯ?" ಎಂದು ಧೈರ್ಯ ಹೇಳಿದವರಲ್ಲಿ ನಂಜುಂಡೇಶನೂ ಒಬ್ಬ. ಹುಡುಗಿ ಕಾರ್ಯಕ್ರಮ ಮುಗಿಯುವ ಮೊದಲೇ ವಾಪಸು ಬಂದಳು. ಗಂಟಲು ಕೆಟ್ಟಿತಂತೆ ಎಂದು ಮನೆಯವರು ಹೇಳಿದರು, ಕೇಳಿದವರು ನಂಬಿದರು. ಚನ್ನರಾಯಪಟ್ಟಣದ ಒಂದು ಶಾಲೆಯಲ್ಲಿ ಪಾಠ ಹೇಳಲು ಸೇರಿಕೊಂಡಳು. ಯಾವ ಮನೆಯ ಶುಭಕಾರ್ಯಕ್ಕೆ ಹೋದರೂ ಒಂದು ಹಾಡು ಹೇಳು ಎಂದರೆ ಎದ್ದು ಹೋಗಿಬಿಡುತ್ತಿದ್ದಳು.

ಆಮೇಲೆ ಬೆಂಗಳೂರಿನಲ್ಲಿ, ಪಾಲಾಕ್ಷನ ತಂಡದಲ್ಲಿದ್ದ ಹುಡುಗಿಯೊಬ್ಬಳು ಪೊಲೀಸ್ ಠಾಣೆಗೆ ಹೋದಳು. ಅಭ್ಯಾಸದ ನೆಪ ಹೇಳಿ ಕರೆಸಿಕೊಂಡು ಅವನು ತನಗೇನು ಮಾಡಿದ ಎಂಬುದನ್ನು ಬರೆಸಿದಳು. ಅವಳ ಧೈರ್ಯ ನೋಡಿ ಇನ್ನೊಬ್ಬಳು ಹೋದಳು. ಆ ಇನ್ನೊಬ್ಬಳು ದೀಪಶ್ರೀ. ಇಬ್ಬರ ಹೆಸರನ್ನೂ ಪೊಲೀಸರು ಗುಟ್ಟಾಗಿಟ್ಟರು. ಟೀವಿಯವರಿಗೆ ಹಬ್ಬ ಶುರುವಾಯಿತು. ಒಂದು ಚಾನೆಲ್ಲಿನಲ್ಲಿ ಪಾಲಾಕ್ಷ ರಾಕ್ಷಸ, ಇನ್ನೊಂದರಲ್ಲಿ ಬೆಳೆಯುವವರನ್ನು ತುಳಿಯುವ ಪಿತೂರಿ, ಮೂರನೆಯದರಲ್ಲಿ ಜ್ಯೋತಿಷಿಯನ್ನು ಕೂರಿಸಿ ಅವನ ಜಾತಕ. ಎಲ್ಲದರ ಕೆಳಗೂ ಒಂದೇ ಸಾಲು ಓಡುತ್ತಿತ್ತು: ಹಾಸನದ ಆ ಸಂತ್ರಸ್ತೆ ಯಾರು?

ಆ ಸಾಲು ಓಡಲು ಶುರುವಾದ ದಿನವೇ ಕಾಮಾಕ್ಷಮ್ಮ ನಂಜುಂಡೇಶನಿಗೆ ಫೋನ್ ಮಾಡಿದಳು. ಅವನು ಬೆಂಗಳೂರಿನ ಒಂದು ಚಾನೆಲ್ಲಿಗೆ ಜಿಲ್ಲೆಯ ಸುದ್ದಿ ಕಳಿಸುವ ಕೆಲಸವನ್ನೂ ಮಾಡುತ್ತಿದ್ದ. ಊರವರ ಲೆಕ್ಕದಲ್ಲಿ ಅವನೇ ಟೀವಿ.

"ನಂಜುಂಡ, ಯಾರ್ಗೂ ಯೋಳ್ಬ್ಯಾಡ ಕಣಪ್ಪ. ಆಸನದ ಉಡ್ಗಿ ಅಂತ ಬತ್ತಾ ಅದಲ್ಲ, ಅದು ನಮ್ ದೀಪ ಕಣೋ."

ಅವನು ಫೋನು ಹಿಡಿದು ಜನರಿಂದ ದೂರ ಬಂದ.

"ನೀನು ಟೀವಿಯೋನು. ನಮ್ಮುಡ್ಗಿ ಯಾರೂಂತ ಆಚೆಗೆ ಬರ್ದಂಗೆ ನೋಡ್ಕಳಪ್ಪ. ನಿನ್ ಕಾಲ್ಗೆ ಬೀಳ್ತೀನಿ."

"ಅಯ್ಯೋ ಅಕ್ಕ, ಅಂಗೆಲ್ಲ ಅನ್ಬ್ಯಾಡಿ. ಎಸ್ರು ಬರಕಿಲ್ಲ, ಮುಖ ಬರಕಿಲ್ಲ, ಊರು ಬರಕಿಲ್ಲ. ನಾನಿಲ್ವಾ?"

ಮಾತು ಕೊಡುವಾಗ ಅವನಿಗೆ ನಿಜವಾಗಿಯೂ ಕಣ್ಣು ತುಂಬಿತ್ತು. ಪಾಲಾಕ್ಷನನ್ನು ಕೈಯಾರೆ ಕೊಂದುಬಿಡಬೇಕು ಅನ್ನಿಸಿತ್ತು. ಮಾತು ಕೊಟ್ಟು ವಾರವೂ ಆಗಿರಲಿಲ್ಲ, ಚಾನೆಲ್ಲಿನ ಹರ್ಷವರ್ಧನನ ಫೋನ್ ಬಂತು. ಸುದ್ದಿಮನೆಯಲ್ಲಿ ಜಿಲ್ಲೆಗಳನ್ನು ನೋಡಿಕೊಳ್ಳುತ್ತಿದ್ದವನು ಅವನು. ನಂಜುಂಡೇಶನಿಗಿಂತ ವಯಸ್ಸಿನಲ್ಲಿ ಬಹಳ ಚಿಕ್ಕವನು, ಮಾತಿನಲ್ಲಿ ಬಹಳ ದೊಡ್ಡವನು.

"ಅವನು ನಿಮ್ಮ ಜಿಲ್ಲೆಯವನು ಕಣ್ರೀ ನಂಜುಂಡೇಶ್. ಎಲ್ಲರ ಹತ್ರಾನೂ ಏನೇನೋ ಇದೆ, ನಮ್ಮ ಹತ್ರ ಏನೂ ಇಲ್ಲ. ಇಷ್ಟು ವರ್ಷ ವಿಡಿಯೋ ಮಾಡಿದ್ದೀರಿ, ಒಂದು ಹಳೇ ಕ್ಲಿಪ್ ಇಲ್ವಾ?"

"ನೋಡ್ತೀನಿ ಸಾ" ಎಂದು ತೇಲಿಸಿದ. ಮಾರನೆಯ ದಿನ ಮತ್ತೆ ಫೋನ್ ಬಂತು. "ನಿಮಗೆ ಆಗಲ್ಲ ಅಂದ್ರೆ ಹೇಳಿಬಿಡಿ, ಹಾಸನಕ್ಕೆ ಬೇರೆ ಯಾರನ್ನಾದ್ರೂ ಹುಡುಕ್ತೀವಿ."

ಆ ಮಾತು ಅವನನ್ನು ಕುಟುಕಿತು. ವರ್ಷಗಟ್ಟಲೆ ಹೆದ್ದಾರಿಯ ಅಪಘಾತ, ಆಲೂರು ಕಡೆಯ ಕಾಡಾನೆ, ಆಲೂಗೆಡ್ಡೆ ಬೆಲೆ ಅಂತ ಕಳಿಸುತ್ತಲೇ ಬಂದಿದ್ದ. ಒಂದು ದಿನವೂ ಪರದೆಯ ಮೇಲೆ ಅವನ ಹೆಸರು ಬಂದಿರಲಿಲ್ಲ. ಈಗ ಕೇಳುತ್ತಿರುವುದು ಅವನಲ್ಲಿ ಮಾತ್ರ ಇರುವಂಥದ್ದು, ಆ ಒಸಗೆಯ ವಿಡಿಯೋ. ಆಸೆ ಬಂದವನಿಗೆ ಕಾರಣಗಳು ತಾವಾಗಿಯೇ ಸಿಗುತ್ತವೆ, ಅವನಿಗೂ ಸಿಕ್ಕಿದವು. ಅಕ್ಷತೆ ಹಾಕಿ ಹರಸಿದವನೇ ಹೀಗೆ ಮಾಡಿದ ಎಂದು ಜನ ನೋಡಿದರೆ ದೀಪಶ್ರೀಯ ಕಡೆಗೇ ನ್ಯಾಯ ವಾಲುತ್ತದೆ ಎಂದುಕೊಂಡ. ಕೊಟ್ಟ ಮಾತಿಗೂ ತಪ್ಪಿದಂತಾಗುವುದಿಲ್ಲ: ಹೆಸರು ಹಾಕುವುದಿಲ್ಲ, ಊರು ಹಾಕುವುದಿಲ್ಲ, ಮುಖ ಮುಚ್ಚುತ್ತೇನೆ. ಸ್ಟುಡಿಯೋದ ಬಾಗಿಲು ಹಾಕಿಕೊಂಡು ಕೂತು, ಮಧ್ಯಾಹ್ನದ ಊಟವನ್ನೂ ಬಿಟ್ಟು, ಆ ಹುಡುಗಿಯ ಮುಖ ಎತ್ತೆತ್ತ ತಿರುಗುತ್ತದೋ ಅತ್ತತ್ತ ಮಸುಕು ಹಾಕಿದ. ಒಂದು ಚೂರೂ ಕಾಣದಂತೆ ಎಚ್ಚರ ವಹಿಸಿದ. ಹಾಗೆ ನೋಡಿದರೆ ಅವನ ಜೀವಮಾನದಲ್ಲೇ ಅಷ್ಟು ಅಚ್ಚುಕಟ್ಟಾದ ಕೆಲಸ ಇನ್ನೊಂದಿಲ್ಲ. ಪಾಲಾಕ್ಷ ಹರಸುತ್ತಿರುವುದು ದೂರು ಕೊಟ್ಟ ಆ ಹುಡುಗಿಯನ್ನೇ ಎಂದು ಒಂದು ಸಾಲು ಬರೆದು ಕಳಿಸಿಬಿಟ್ಟ.

ಮಾರನೆಯ ದಿನ ಹಗಲಲ್ಲೇ ಅದು ಟೀವಿಯಲ್ಲಿ ಬಂತು. ಅವನು ಸ್ಟುಡಿಯೋದಲ್ಲಿ ಯಾರದೋ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದಾಗ ತಾಯಿಯ ಫೋನ್ ಬಂತು.

"ಲೇ ನಂಜುಂಡ! ಎಲ್ಲಿದ್ದೀಯಲಾ? ಟೀವಿ ಆಕ್ಲಾ! ನಾನು ಬತ್ತಾ ಇವ್ನಿ ಟೀವೀಲಿ!"

ಬೆಳ್ಳಮ್ಮನ ದನಿಯಲ್ಲಿ ಅಷ್ಟು ಸಂಭ್ರಮವನ್ನು ಅವನು ತನ್ನ ಮದುವೆಯ ದಿನವೂ ಕೇಳಿರಲಿಲ್ಲ.

"ಪಕ್ಕದ್ಮನೆ ಸುಬ್ಬಮ್ಮ ಪೋನ್ ಮಾಡಿ ಯೋಳಿದ್ಲು. ಅವ್ಳೂ ಅವ್ಳೆ ಕಣ್ಲಾ, ಆ ನೇರಳೆ ಸೀರೇಲಿ. ನಾನು ಆರ್ತಿ ತಟ್ಟೆ ಇಡ್ಕಂಡು ನಿಂತಿವ್ನಿ, ಎಷ್ಟ್ ಚೆಂದಾಗ್ ಕಾಣ್ತೀನಿ ಗೊತ್ತಾ! ಚಿಕ್ಕವ್ವಂಗೂ ಪೋನ್ ಮಾಡ್ದೆ, ನಿಮ್ಮತ್ತೆಗೂ ಮಾಡ್ದೆ, ಎಲ್ರೂ ನೋಡ್ತಾವ್ರೆ."

ನಂಜುಂಡೇಶ ಬಾಗಿಲಿಗೆ ಬಂದ. ಎದುರಿನ ಮೊಬೈಲ್ ಅಂಗಡಿಯ ಟೀವಿಯತ್ತ ನೋಡಿದ. ಓಡುತ್ತಿತ್ತು. ಮುಖವೊಂದು ಮಸುಕಾಗಿತ್ತು. ಮಿಕ್ಕಿದ್ದೆಲ್ಲ ಕನ್ನಡಿಯಷ್ಟು ಸ್ಪಷ್ಟ. ಅವನು ಕಟ್ಟಿದ ಗುಡ್ಲು ಇತ್ತು. ಕಾಮಾಕ್ಷಮ್ಮನ ಮನೆಯ ಹಸಿರು ಬಾಗಿಲಿತ್ತು. ಆರತಿ ತಟ್ಟೆ ಹಿಡಿದು ತಾಯಿ ನಿಂತಿದ್ದಳು, ಪಕ್ಕದಲ್ಲಿ ಸುಬ್ಬಮ್ಮ, ಹಿಂದೆ ಸಾಲಾಗಿ ಹೋಬಳಿಯ ಅತ್ತೆಯರು, ಚಿಕ್ಕಮ್ಮಂದಿರು, ನಾದಿನಿಯರು, ಒಬ್ಬೊಬ್ಬರ ಮುಖವೂ ಒಬ್ಬೊಬ್ಬರ ಮೂಗುಬೊಟ್ಟೂ ಕಾಣುತ್ತಿತ್ತು. ಅವರೆಲ್ಲ ಬಂದಿದ್ದು ಯಾರ ಒಸಗೆಗೆ ಎಂಬುದು ಅವರಿಗೆ ಗೊತ್ತಿಲ್ಲವೇ? ಒಬ್ಬಳ ಮುಖ ಮುಚ್ಚುವ ಗಡಿಬಿಡಿಯಲ್ಲಿ, ಅವಳು ಯಾರೆಂದು ಹೇಳಬಲ್ಲ ಎಲ್ಲರ ಮುಖವನ್ನೂ ಅವನು ಬಿಟ್ಟುಬಿಟ್ಟಿದ್ದ. ಆ ಹೆಂಗಸರೋ, ಟೀವಿಯಲ್ಲಿ ಬಂದ ಖುಷಿಗೆ ಒಬ್ಬರಿಗೊಬ್ಬರು ಫೋನ್ ಮಾಡಿಕೊಳ್ಳುತ್ತಿದ್ದರು.

"ಅಲ್ಲ ಕಣ್ಲಾ," ಫೋನಿನಲ್ಲಿ ಬೆಳ್ಳಮ್ಮನ ದನಿ ಇಳಿಯಿತು. "ಇದು ಕಾಮಾಕ್ಷಿ ಮನೆ ಒಸ್ಗೆ ಅಲ್ವಾ? ಅಂಗಾರೆ ಮಗಾ, ಈ ಟೀವಿಯವ್ರು ಯೋಳ್ತಾ ಇರೋ ಉಡ್ಗಿ..."

ಅವಳು ಮುಂದಕ್ಕೆ ಕೇಳಲಿಲ್ಲ. ಫೋನು ಇಡುವುದನ್ನೂ ಮರೆತ ಮುದುಕಿ, ಅದನ್ನು ಹಾಗೆಯೇ ಕೈಯಲ್ಲಿ ಹಿಡಿದುಕೊಂಡು ಉಸಿರಾಡುತ್ತಿದ್ದದ್ದು ಅವನಿಗೆ ಕೇಳಿಸುತ್ತಿತ್ತು. ಪರದೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 'ಕೃಪೆ: ನಂಜುಂಡೇಶ್, ಹಾಸನ' ಎಂದು ಬರುತ್ತಿತ್ತು. ಮೊದಲ ಸಲ ಹೆಸರು ಬಂದಿತ್ತು.

ಕೂಡಲೇ ಹರ್ಷವರ್ಧನನಿಗೆ ಫೋನ್ ಮಾಡಿದ. "ಸಾ, ಅದನ್ನ ತೆಗೆದುಬಿಡಿ ಸಾ. ದಮ್ಮಯ್ಯ ಅಂತೀನಿ."

"ಯಾಕ್ರೀ? ಮುಖ ಕಾಣ್ತಿಲ್ವಲ್ಲ. ಇವತ್ತು ನಮ್ಮದೇ ಟಾಪ್! ಒಂದು ಕೆಲಸ ಮಾಡಿ, ಆ ಆರತಿ ತಟ್ಟೆ ಹಿಡ್ಕೊಂಡಿರೋ ಅಜ್ಜಿ ಯಾರು ಅಂತ ನೋಡಿ. ಕ್ಯಾಮೆರಾ ಮುಂದೆ ಎರಡು ಮಾತು, ಅವರದೊಂದು ಬೈಟ್ ಸಿಕ್ಕಿದ್ರೆ ಸೂಪರ್."

ಅದು ನನ್ನ ತಾಯಿ ಎನ್ನದೆ ಅವನು ಫೋನ್ ಇಟ್ಟ. ಆ ಸಾಲಿನಲ್ಲಿ ನಿಂತ ಅಷ್ಟೂ ಹೆಂಗಸರು ತನ್ನನ್ನು ಒಳಗೆ ಬಿಟ್ಟುಕೊಂಡಿದ್ದು ಯಾಕೆ, ಯಾವ ನಂಬಿಕೆಯ ಮೇಲೆ ಎಂಬುದು ಅವನಿಗೆ ಆಗ ಹೊಳೆಯಿತು. ಅಷ್ಟು ವರ್ಷದಿಂದ ಅವನು ಆ ಬಗ್ಗೆ ಯೋಚಿಸಿಯೇ ಇರಲಿಲ್ಲ.

ಸಂಜೆಯೊಳಗೆ ಹೋಬಳಿಗೆಲ್ಲ ಗೊತ್ತಾಯಿತು. ಮಾರನೆಯ ದಿನ ಮೊಬೈಲು ಹಿಡಿದ ಯೂಟ್ಯೂಬಿನವರು ಕಾಮಾಕ್ಷಮ್ಮನ ಹಸಿರು ಬಾಗಿಲ ಮುಂದೆ ನಿಂತು ಮಾತಾಡತೊಡಗಿದರು. ಅಣ್ಣಯ್ಯ ಡೈರಿಗೆ ಹಾಲು ಹಾಕಲು ಹೋಗುವುದನ್ನು ನಿಲ್ಲಿಸಿದ. ನೆಂಟರು ಒಬ್ಬೊಬ್ಬರಾಗಿ ಬಂದು, ಆಗಿದ್ದು ಆಗಿಹೋಯಿತು, ಕೇಸು ವಾಪಸು ತಗೊಂಡುಬಿಡಿ, ಮನೆ ಮರ್ಯಾದೆ ಉಳಿಸಿಕೊಳ್ಳಿ ಎಂದು ಬುದ್ಧಿ ಹೇಳಿದರು. ಮರ್ಯಾದೆ ಹೋಗಬೇಕಾದದ್ದು ಪಾಲಾಕ್ಷನದು ಎಂದು ಹೇಳುವ ಒಬ್ಬನೂ ಆ ನೆಂಟರಲ್ಲಿ ಇರಲಿಲ್ಲ. ಅಪ್ಪನಿಗೂ ವಾಪಸು ತೆಗೆಯುವುದೇ ಸರಿ ಅನ್ನಿಸತೊಡಗಿತ್ತು. ಹುಡುಗಿ ಅಷ್ಟು ಕಷ್ಟಪಟ್ಟು ಇಟ್ಟ ಹೆಜ್ಜೆ ಹಿಂದಕ್ಕೆ ಹೋದರೆ ಅದಕ್ಕೆ ಕಾರಣ ನಾನೇ ಎಂಬುದು ನಂಜುಂಡೇಶನಿಗೆ ನುಂಗಲೂ ಉಗುಳಲೂ ಆಗದ ಬಿಸಿ ತುಪ್ಪವಾಯಿತು. ಚಾನೆಲ್ಲಿನವರು ವಕೀಲರ ನೋಟಿಸು ಬಂದ ಮೇಲೆ ಕ್ಲಿಪ್ ತೆಗೆದುಹಾಕಿ, ಇದು ಸ್ಥಳೀಯ ಪ್ರತಿನಿಧಿಯ ಅಚಾತುರ್ಯ ಎಂದು ಕೈ ತೊಳೆದುಕೊಂಡರು. ಅಷ್ಟರಲ್ಲಿ ಅದು ಎಲ್ಲರ ಮೊಬೈಲಿನಲ್ಲಿತ್ತು.

ಅವನು ಕಾಮಾಕ್ಷಮ್ಮನ ಮನೆಗೆ ಹೋದ. ಹೋಗದೆ ಇರಲು ಎಷ್ಟೋ ನೆಪ ಹುಡುಕಿದ, ಕೊನೆಗೆ ಬೆಳ್ಳಮ್ಮನೇ "ನೀನು ಓಗ್ದೆ ಇದ್ರೆ ನಾನು ಉಣ್ಣಾಕಿಲ್ಲ" ಎಂದು ತಟ್ಟೆ ಸರಿಸಿದ ಮೇಲೆ ಹೋದ. ಚೀಲದಲ್ಲಿ ಆ ಒಸಗೆಯ ವಿಡಿಯೋ ಇದ್ದ ಡಿಸ್ಕು ಇಟ್ಟುಕೊಂಡಿದ್ದ. ಅವರ ಕಣ್ಣೆದುರೇ ಒಡೆದುಹಾಕುವುದೆಂದು ತೀರ್ಮಾನಿಸಿದ್ದ.

ಕಾಮಾಕ್ಷಮ್ಮ ಬೈಯಲಿಲ್ಲ. ಜಗುಲಿಯ ಮೇಲೆ ಚಾಪೆ ಹಾಕಿದಳು, ಕಾಫಿ ತಂದಿಟ್ಟಳು. ಸೀದಾ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕೂತು ಕಾಫಿ ಕುಡಿಯುತ್ತಿದ್ದವನಿಗೆ ಇವತ್ತು ಜಗುಲಿಯ ಮೇಲೆ ಚಾಪೆ. ಅವಳು ಕಂಬಕ್ಕೆ ಒರಗಿ ನಿಂತಳು. ಅವನು ಡಿಸ್ಕು ತೆಗೆದು ಮುಂದಿಟ್ಟ.

"ಅಕ್ಕ, ಇದನ್ನ ಒಡ್ದಾಕ್ಬುಡ್ತೀನಿ. ನಿಮ್ಮೆದ್ರಿಗೇ."

"ಒಡುದ್ರೆ ಏನಾದದು?" ಎಂದಳು ಕಾಮಾಕ್ಷಮ್ಮ. "ನಿನ್ ಮನ್ಸಿಗೆ ಅಗುರಾದದು. ನಮ್ಗೇನು ಬಂತು? ತಕಂಡೋಗು."

ಒಳಗಿನಿಂದ ದೀಪಶ್ರೀ ಬಂದಳು. ಹುಡುಗಿ ಇಳಿದುಹೋಗಿದ್ದಳು, ಆದರೆ ಕಣ್ಣು ತಗ್ಗಿಸಲಿಲ್ಲ. ಕಣ್ಣು ತಗ್ಗಿಸಿದ್ದು ನಂಜುಂಡೇಶ.

"ಮಾವ, ಒಂದು ಕೇಳ್ಲಾ?"

"ಕೇಳವ್ವ."

"ನನ್ನ ಮುಖ ಮುಚ್ಚಿದ್ದೀನಿ ಅಂತ ಬೆಳ್ಳಮ್ಮಜ್ಜಿ ಹತ್ರ ಹೇಳಿದ್ರಂತೆ. ಮುಚ್ಚೋಕೆ ಎಷ್ಟು ಹೊತ್ತಾಯ್ತು?"

ಅವನಿಗೆ ಪ್ರಶ್ನೆ ಎಲ್ಲಿಗೆ ಹೋಗುತ್ತಿದೆ ಗೊತ್ತಾಗಲಿಲ್ಲ. ನಿಜವನ್ನೇ ಹೇಳಿದ. "ಬಾಳ ಹೊತ್ತಾಯ್ತು ಕಣವ್ವ. ಮಧ್ಯಾನ ಪೂರಾ ಕುಂತಿದ್ದೆ. ನೀನು ಆ ಕಡೆ ಈ ಕಡೆ ನೋಡ್ತಾನೇ ಇದ್ದೆ."

"ಅಷ್ಟು ಹೊತ್ತೂ ನನ್ನನ್ನೇ ನೋಡ್ತಾ ಕೂತಿದ್ರಿ. ಒಂದು ಸಲಾನೂ ಬೇಡ ಅನ್ನಿಸ್ಲಿಲ್ವಾ ಮಾವ?"

ಕಾಫಿ ಲೋಟ ಅವನ ಕೈಯಲ್ಲೇ ಆರಿತು. ಅನ್ನಿಸಿತ್ತು ಎಂದರೆ ಗೊತ್ತಿದ್ದೂ ಮಾಡಿದಂತೆ, ಅನ್ನಿಸಲಿಲ್ಲ ಎಂದರೆ ಮನುಷ್ಯನೇ ಅಲ್ಲವೆಂದಂತೆ. ಅವನು ಲೋಟವನ್ನು ಚಾಪೆಯ ಪಕ್ಕಕ್ಕೆ ಇಟ್ಟ.

"ಕೇಸು ವಾಪಸ್ ತಗೊಳ್ಳಲ್ಲ," ಎಂದಳು ದೀಪಶ್ರೀ. ಅವನಿಗೆ ಹೇಳಿದಳೋ, ಹಟ್ಟಿಯ ಕಡೆ ನಿಂತಿದ್ದ ಅಪ್ಪನಿಗೆ ಹೇಳಿದಳೋ. "ಎಲ್ರಿಗೂ ಗೊತ್ತಾಗಿದೆಯಲ್ಲ, ಇನ್ನು ಯಾರಿಗೆ ಹೆದರಲಿ? ನೀವು ಹೊರಡಿ ಮಾವ, ಲೇಟಾಗುತ್ತೆ."

ಲೇಟೇನೂ ಆಗಿರಲಿಲ್ಲ. ಬಿಸಿಲು ಇನ್ನೂ ಅಂಗಳದಲ್ಲೇ ಇತ್ತು. ಅವನು ಬೈಕು ಹತ್ತಿ ಕೆರೆ ಏರಿಯವರೆಗೆ ಬಂದು, ಅಲ್ಲಿ ನಿಲ್ಲಿಸಿ ಅತ್ತ.

ಮುಂದಿನ ದಿನಗಳು ಕೆಟ್ಟದಾಗಿದ್ದವು. ಚಾನೆಲ್ಲಿನ ಕೆಲಸ ಹೋದದ್ದು ಅವನಿಗೆ ದೊಡ್ಡದಾಗಿ ಕಾಣಲಿಲ್ಲ. ಮೊದಲೇ ಅವನಿಗೆ ಒಪ್ಪಿಸಿದ್ದ ಮದುವೆಗಳಿಗೂ ಯಾವುದೋ ನೆಪ ಹೇಳಿ ಹೊಳೆನರಸೀಪುರದಿಂದ ಬೇರೆಯವರನ್ನು ಕರೆಸಿಕೊಂಡರು. ಯಾರೂ ಮುಖದ ಮೇಲೆ ಹೊಡೆದಂತೆ ಮಾತಾಡಲಿಲ್ಲ. ಆದರೆ ಅವನು ಬಂದರೆ ಹೆಂಗಸರ ಮಾತು ನಿಲ್ಲುತ್ತಿತ್ತು, ಸೆರಗುಗಳು ಭುಜದ ಮೇಲೆ ಏರುತ್ತಿದ್ದವು. ಇದಕ್ಕಿಂತ ಕೆಟ್ಟದ್ದು ಗಂಡಸರದು. ಟೀ ಅಂಗಡಿಯಲ್ಲಿ ಪರಿಚಯವೇ ಇಲ್ಲದವನೊಬ್ಬ ಬೆನ್ನು ತಟ್ಟಿ, "ಏನ್ ಗುರೂ, ಒಳ್ಳೇ ಐಟಮ್ ಕೊಟ್ಟೆ ಕಣಯ್ಯ. ಇನ್ನೂ ಇದ್ದಾವಾ?" ಎಂದು ಕಣ್ಣು ಮಿಟುಕಿಸಿದ. ನಂಜುಂಡೇಶ ಟೀ ಚೆಲ್ಲಿ ಎದ್ದು ಬಂದ. ಅವನ ಕೆನ್ನೆಗೆ ಬಾರಿಸಬೇಕಿತ್ತು ಎಂದು ಮನೆಗೆ ಬಂದ ಮೇಲೆ ಅನ್ನಿಸಿತು. ಬಾರಿಸುವ ಯೋಗ್ಯತೆ ತನಗೆಲ್ಲಿದೆ ಎಂದೂ ಅನ್ನಿಸಿತು.

ದೀಪಶ್ರೀ ನ್ಯಾಯಾಧೀಶರ ಮುಂದೆ ಹೇಳಿಕೆ ಕೊಡಲು ಹೊರಟ ಬೆಳಿಗ್ಗೆ ಕಟ್ಟಾಯದ ಬಸ್‌ಸ್ಟ್ಯಾಂಡಿನಲ್ಲಿ ಅವನು ಅವಳನ್ನು ಕಂಡ. ತಾಯಿ ಮಗಳು ಇಬ್ಬರೇ. ಕಾರು ಮಾಡಿಕೊಂಡು ಗಾಜು ಏರಿಸಿಕೊಂಡು ಹೋಗಬಹುದಿತ್ತು, ಮುಖಕ್ಕೆ ದುಪಟ್ಟಾ ಸುತ್ತಿಕೊಳ್ಳಬಹುದಿತ್ತು. ಅವಳು ಎರಡನ್ನೂ ಮಾಡಲಿಲ್ಲ. ದಿನಾ ಶಾಲೆಗೆ ಹೋಗುವಂತೆ ಚೀಲ ಹಾಕಿಕೊಂಡು ನಿಂತಿದ್ದಳು. ಜನ ನೋಡುತ್ತಿದ್ದರು. ನೋಡುವವರನ್ನು ಅವಳೂ ನೋಡುತ್ತಿದ್ದಳು. ನಂಜುಂಡೇಶ ಮಾತ್ರ ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡು ಬೈಕು ತಿರುಗಿಸಿದ. ಪಾಲಾಕ್ಷ ಜೈಲಿಗೆ ಹೋದ, ಜಾಮೀನಿನ ಮೇಲೆ ಬಂದ, ಅಭಿಮಾನಿಗಳು ಸೇಬಿನ ಹಾರ ಹಾಕಿದರು. ಕೇಸು ಇನ್ನೂ ನಡೆಯುತ್ತಿದೆ. ಟೀವಿಯವರು ಬೇರೆ ಸುದ್ದಿಗೆ ಹೋದರು.

ಕಥೆ ಇಲ್ಲಿಗೇ ಮುಗಿದಿದ್ದರೆ ನಂಜುಂಡೇಶ ನಿಧಾನವಾಗಿ ತನ್ನನ್ನು ತಾನು ಕ್ಷಮಿಸಿಕೊಳ್ಳುತ್ತಿದ್ದನೋ ಏನೋ. ಜನ ಮರೆಯುತ್ತಾರೆ, ಅವನೂ ಮರೆಯುತ್ತಿದ್ದ. ಆದರೆ ಒಂದು ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಕೋಮಲಾ ತಟ್ಟೆಗೆ ಅನ್ನ ಬಡಿಸಿ, ಎದ್ದು ಹೋಗದೆ ಎದುರಿಗೇ ಕೂತಳು.

"ರಂಜು ದೊಡ್ಡೋಳಾಗವ್ಳೆ," ಎಂದಳು.

ಶಿವರಂಜನಿ ಅವನ ಒಬ್ಬಳೇ ಮಗಳು. ಅವಳ ಒಸಗೆಯನ್ನು ಹೇಗೆ ಮಾಡಬೇಕು, ಯಾವ ಮೂಲೆಯಲ್ಲಿ ಯಾವ ಲೈಟು ಇಡಬೇಕು, ಯಾವ ಹಾಡು ಹಾಕಬೇಕು ಎಂದೆಲ್ಲ ಅವನು ಅವಳು ಹುಟ್ಟಿದಾಗಿನಿಂದ ಯೋಚಿಸಿದ್ದ. ಮುಖ ಅರಳಿತು. "ಯಾವಾಗ? ಬೆಳಿಗ್ಗೇನಾ?"

"ಓದ್ ತಿಂಗ್ಳು."

"ಓದ್ ತಿಂಗ್ಳಾ? ಅದ್ಯಾಕೆ ಈಗ ಯೋಳ್ತಾ ಇದ್ದೀಯೆ?"

"ನನ್ಗೆ ಗೊತ್ತಾಗಿದ್ದೇ ಇವತ್ತು." ಕೋಮಲಾ ಸಾರಿನ ಪಾತ್ರೆಯನ್ನು ಪಕ್ಕಕ್ಕೆ ಸರಿಸಿದಳು. "ಬೆಳಿಗ್ಗೆ ಬಚ್ಚಲ ಹಿಂದ್ಗಡೆ ತಾನೇ ಬಟ್ಟೆ ಒಗೀತಾ ಕುಂತಿದ್ಲು. ಯಾಕವ್ವ, ನನ್ಗೆ ಯೋಳ್ಬಾರ್ದಾ ಅಂದೆ. 'ಅಪ್ಪಂಗೆ ಯೋಳ್ಬ್ಯಾಡಮ್ಮ, ಅಪ್ಪ ವಿಡಿಯೋ ತೆಗೀತದೆ. ದೀಪಕ್ಕಂದು ಬಂದಂಗೆ ನಂದೂ ಟೀವೀಲಿ ಬತ್ತದೆ' ಅಂದ್ಲು. ಸ್ಕೂಲಲ್ಲಿ ಎಲ್ರೂ ನೋಡವ್ರಂತೆ. 'ನಿಂದ್ಯಾವಾಗೆ?' ಅಂತ ಕೇಳ್ತಾರಂತೆ."

ನಂಜುಂಡೇಶ ಕಲಸಿದ ಅನ್ನವನ್ನು ನೋಡುತ್ತಾ ಕೂತ. ತನ್ನ ಮನೆಯಲ್ಲಿ, ತನ್ನ ಸೂರಿನ ಕೆಳಗೆ, ಹನ್ನೆರಡು ವರ್ಷದ ಮಗು ಹೊಟ್ಟೆ ನೋವನ್ನೂ ಹೆದರಿಕೆಯನ್ನೂ ನುಂಗಿಕೊಂಡು, ತಾಯಿಗೂ ಹೇಳದೆ, ಅಪ್ಪನಿಂದ ಬಚ್ಚಿಟ್ಟುಕೊಂಡು ಓಡಾಡಿದೆ. ಅವನು ಜಗತ್ತಿನ ಹೆಣ್ಣುಮಕ್ಕಳ ಒಸಗೆಗೆಲ್ಲ ಒಳಗೆ ಹೋಗಿ ಬಂದವನು. ಅವನ ಮಗಳು ಅವನಿಗೆ ಹೆದರಿಕೊಂಡು ಬಚ್ಚಲ ಹಿಂದೆ ಕೂತಿದ್ದಳು. ಎದ್ದು ಕೈ ತೊಳೆದ. ಎಷ್ಟು ತೊಳೆದರೂ ಸಾಲದೆ ನಲ್ಲಿಯ ಕೆಳಗೆ ನಿಂತೇ ಇದ್ದ.

ಆರತಿ ಮಾಡದೆ ಬಿಡುವುದು ಬೇಡ ಎಂದು ಬೆಳ್ಳಮ್ಮ ಹಟ ಹಿಡಿದಳು. "ಮಗೀಗೆ ತಾನೇನೋ ತಪ್ಪು ಮಾಡಿವ್ನಿ ಅನ್ನಿಸ್ಬಾರ್ದು" ಎನ್ನುವುದು ಅವಳ ಮಾತು. ಶಾಮಿಯಾನ ಬೇಡ, ಹಾಡಿನ ಡಬ್ಬ ಬೇಡ, ಮನೆಮಟ್ಟಿಗೆ ಸಾಕು. ಕುಂಕುಮದ ಬಟ್ಟಲು ಹಿಡಿದು ಕಾಮಾಕ್ಷಮ್ಮನ ಮನೆಗೂ ಅವಳೇ ಹೋಗಿ ಬಂದಳು. ಅಲ್ಲಿ ಏನು ಮಾತಾಯಿತೋ ಮಗನಿಗೆ ಹೇಳಲಿಲ್ಲ.

ಆ ದಿನ ಕೋಮಲಾಳ ತಮ್ಮ ಬಂದು ಹಿತ್ತಲ ಕೋಣೆಯಲ್ಲಿ ಗುಡ್ಲು ಕಟ್ಟಿದ. ಗರಿ ಕಡಿದುಕೊಟ್ಟದ್ದು ನಂಜುಂಡೇಶ. ಅಷ್ಟರಲ್ಲಿ ಹೆಂಗಸರು ಬರತೊಡಗಿದರು. ಅವನು ಅಭ್ಯಾಸಬಲದಿಂದ ಅವರ ಹಿಂದೆಯೇ ಒಂದು ಹೆಜ್ಜೆ ಒಳಗಿಟ್ಟಿದ್ದ. ಬಾಗಿಲಲ್ಲಿ ಸುಬ್ಬಮ್ಮ ನಿಂತಿದ್ದಳು. ಅವಳು ಬೈಯುವವಳಲ್ಲ, ಅವನನ್ನು ಎತ್ತಿ ಆಡಿಸಿದವಳು.

"ಆಚೆ ಕುಂತ್ಕ ಮಗಾ," ಎಂದಳು ಮೆಲ್ಲಗೆ. "ಇದು ಎಂಗುಸ್ರದ್ದು."

ಅವನು ಜಗುಲಿಗೆ ಬಂದು ಕೂತ. ಕಾಮಾಕ್ಷಮ್ಮ ತಟ್ಟೆಯಲ್ಲಿ ಚಿಗಳಿ ಮುಚ್ಚಿಕೊಂಡು ಒಬ್ಬಳೇ ಬಂದಳು. ಎದ್ದು ನಿಂತವನನ್ನು ದಾಟಿ, ಅವನ ಕಡೆ ತಿರುಗದೆ ಒಳಗೆ ಹೋದಳು. ಅವಳು ಬಂದಳಲ್ಲ ಎಂಬುದೇ ಅವನಿಗೆ ಹೆಚ್ಚಾಗಿತ್ತು. ಇನ್ನಷ್ಟು ಕೇಳುವ ಮುಖ ಅವನಿಗಿರಲಿಲ್ಲ. ಒಳಗೆ ಸೋಬಾನೆ ಶುರುವಾಯಿತು. ತಾಯಿಯ ದನಿ ಎಲ್ಲರಿಗಿಂತ ಮುಂದಿತ್ತು. ಈಗ ಹಣೆಗೆ ಕುಂಕುಮ ಇಡುತ್ತಾರೆ, ಈಗ ಮಡಿಲು ತುಂಬುತ್ತಾರೆ, ಈಗ ಮಗು ತಲೆ ಎತ್ತಿ ನೋಡುತ್ತಾಳೆ ಎಂದು ಒಂದೊಂದೂ ಅವನಿಗೆ ಗೊತ್ತಾಗುತ್ತಿತ್ತು. ಊರ ಮಕ್ಕಳದ್ದೆಲ್ಲ ನೋಡಿದ್ದ. ತನ್ನ ಮಗಳದ್ದು ಕಾಣಲಿಲ್ಲ.

ಆರತಿ ಮುಗಿದ ಮೇಲೆ ಒಳಬಾಗಿಲು ಸ್ವಲ್ಪ ತೆರೆಯಿತು. ಹೊಸ ಸೀರೆಯಲ್ಲಿ ಶಿವರಂಜನಿ ನಿಂತಿದ್ದಳು, ಕೈಯಲ್ಲಿ ಅಪ್ಪನಿಗೆಂದು ತಂದ ಒಂದು ತಂಬಿಟ್ಟು. ಹೊಸ್ತಿಲು ದಾಟಲಿಲ್ಲ. ಮೊದಲು ಅವನ ಕೈ ನೋಡಿದಳು. ಆಮೇಲೆ ಅವನ ಅಂಗಿಯ ಜೇಬು, ಅವನ ಪಕ್ಕದ ಚಾಪೆ, ಮತ್ತೆ ಅವನ ಕೈ.

ನಂಜುಂಡೇಶ ಕೂತಲ್ಲಿಂದಲೇ ಎರಡೂ ಅಂಗೈ ಬಿಚ್ಚಿ ಮಗಳಿಗೆ ತೋರಿಸಿದ. ಏನೂ ಇರಲಿಲ್ಲ. ಅವಳು ಇನ್ನೊಂದು ಸಲ ನೋಡಿ ಖಾತ್ರಿ ಮಾಡಿಕೊಂಡು, ತಂಬಿಟ್ಟನ್ನು ಹೊಸ್ತಿಲ ಮೇಲಿಟ್ಟು, ಬಾಗಿಲು ಮುಂದಕ್ಕೆ ಎಳೆದುಕೊಂಡಳು.